ಹಳೇ ಕಾರಿನ ಸೀಟ್ ಬೆಲ್ಟ್: ವಾರಂಟಿ ಎಲ್ಲಿವರೆಗೆ, ಯಾವಾಗ ಬದಲಿಸಬೇಕು, ಮೋಸ ಹೋಗದಿರೋದು ಹೇಗೆ?

ಆಯಿಲ್ ಬದಲಿಸ್ತೀವಿ, ಟೈರ್ ಬದಲಿಸ್ತೀವಿ, ಬ್ಯಾಟರಿ ಹೋದ ದಿನವೇ ಹೊಸದು ಹಾಕಿಸ್ತೀವಿ. ಆದರೆ ಹತ್ತು-ಹದಿನೈದು ವರ್ಷ ಓಡಿದ ಕಾರಿನ ಸೀಟ್ ಬೆಲ್ಟನ್ನು ಒಮ್ಮೆಯಾದರೂ ಪೂರ್ತಿ ಎಳೆದು ನೋಡಿದವರು ಎಷ್ಟು ಮಂದಿ? ಕ್ಲಿಕ್ ಅಂತ ಶಬ್ದ ಬಂದರೆ ಸಾಕು, ಬೆಲ್ಟ್ ಸರಿಯಿದೆ ಅಂತಲೇ ಬಹುತೇಕರ ಲೆಕ್ಕ. ಆ ಲೆಕ್ಕ ಯಾವಾಗಲೂ ಸರಿಯಿರಲ್ಲ. ಸೀಟ್ ಬೆಲ್ಟ್ ಕೂಡ ಸವೆಯುವ ಸಾಮಾನು. ಅಪಘಾತದಲ್ಲಿ ಒಮ್ಮೆ ಜೋರಾಗಿ ಜಗ್ಗಿದ ಮೇಲಂತೂ ಅದರ ಕೆಲಸ ಮುಗಿದ ಹಾಗೆ.

ಕೇಂದ್ರ ಸಾರಿಗೆ ಸಚಿವಾಲಯದ ವರದಿ ಪ್ರಕಾರ 2022ರ ಒಂದೇ ವರ್ಷ ದೇಶದಲ್ಲಿ ಸೀಟ್ ಬೆಲ್ಟ್ ಧರಿಸದೆ ಅಪಘಾತದಲ್ಲಿ ಸತ್ತವರು 16,715 ಮಂದಿ. ಅದರಲ್ಲಿ 8,384 ಮಂದಿ ಚಾಲಕರು, ಉಳಿದ 8,331 ಮಂದಿ ಪ್ರಯಾಣಿಕರು. ಚನ್ನರಾಯಪಟ್ಟಣದಿಂದ ಹಾಸನ, ಸಕಲೇಶಪುರ ದಾಟಿ ಶಿರಾಡಿ ಘಾಟಿವರೆಗೆ ರಾಷ್ಟ್ರೀಯ ಹೆದ್ದಾರಿ 75 ಹಾದುಹೋಗುವ ನಮ್ಮ ಜಿಲ್ಲೆಯಲ್ಲಿ ಇದು ದೂರದ ಮಾತಲ್ಲ. ಹಳೇ ಆಲ್ಟೊ, ಓಮ್ನಿ, ಬೊಲೆರೊ, ಟಾಟಾ ಏಸ್, ತೋಟದ ಜೀಪು ಇಟ್ಟುಕೊಂಡವರಿಗೆ ಬೇಕಾದ ಮಾಹಿತಿ ಇಲ್ಲಿದೆ.

ಬೆಲ್ಟ್ ಒಳಗೆ ಏನೇನಿದೆ?

ಮೂರು ಕಡೆ ಹಿಡಿದುಕೊಳ್ಳುವ ಈಗಿನ ಮಾದರಿಯ ಬೆಲ್ಟನ್ನು 1959ರಲ್ಲಿ ವೋಲ್ವೊ ಕಂಪನಿಯ ಎಂಜಿನಿಯರ್ ನಿಲ್ಸ್ ಬೋಲಿನ್ ರೂಪಿಸಿದರು. ವೋಲ್ವೊ ಅದರ ಪೇಟೆಂಟನ್ನು ಬೇರೆ ಕಂಪನಿಗಳೂ ಬಳಸಲು ಮುಕ್ತವಾಗಿ ಬಿಟ್ಟಿತು. ಇಂದಿಗೂ ಮೂಲ ವಿನ್ಯಾಸ ಅದೇ. ಅದರಲ್ಲಿ ನೋಡಬೇಕಾದ ಭಾಗಗಳು ಐದು:

- ಪಟ್ಟಿ: ಸುಮಾರು ಎರಡು ಇಂಚು ಅಗಲದ ಪಾಲಿಯೆಸ್ಟರ್ ನೇಯ್ಗೆ. ಅಪಘಾತದಲ್ಲಿ ಸ್ವಲ್ಪ ಹಿಗ್ಗಿ ಎದೆ ಮೇಲಿನ ಹೊಡೆತ ಕಡಿಮೆ ಮಾಡುತ್ತದೆ.
- ರಿಟ್ರಾಕ್ಟರ್: ಬಾಗಿಲ ಪಕ್ಕದ ಕಂಬದ ಒಳಗಿರುವ ಸುರುಳಿ ಡಬ್ಬಿ. ಪಟ್ಟಿಯನ್ನು ಸುತ್ತಿಕೊಳ್ಳುವುದೂ, ಬ್ರೇಕ್ ಬಿದ್ದಾಗ ಲಾಕ್ ಮಾಡುವುದೂ ಇದೇ.
- ನಾಲಿಗೆ ಮತ್ತು ಬಕಲ್: ನಾವು ಸಿಕ್ಕಿಸುವ ಕಬ್ಬಿಣದ ತುದಿ, ಮತ್ತು ಕೆಂಪು ಗುಂಡಿ ಇರುವ ಲಾಕ್.
- ಬೋಲ್ಟ್‌ಗಳು: ಕಾರಿನ ಬಾಡಿಗೆ ಬೆಲ್ಟನ್ನು ಹಿಡಿದಿಡುವ ದಪ್ಪ ಬೋಲ್ಟ್‌ಗಳು.
- ಪ್ರಿಟೆನ್ಷನರ್: ಏರ್‌ಬ್ಯಾಗ್ ಇರುವ ಬಹುತೇಕ ಕಾರುಗಳಲ್ಲಿ ಇರುತ್ತದೆ. ಡಿಕ್ಕಿಯಾದ ಕ್ಷಣದಲ್ಲೇ ಒಳಗಿನ ಚಿಕ್ಕ ಮದ್ದು ಸಿಡಿದು ಬೆಲ್ಟನ್ನು ಬಿಗಿಯಾಗಿ ಎಳೆಯುತ್ತದೆ. ಪಟಾಕಿ ಹಾಗೆ ಒಂದೇ ಸಲ ಕೆಲಸ ಮಾಡೋದು.

60 ಕಿ.ಮೀ. ವೇಗದಲ್ಲಿ ಹೋಗುತ್ತಿರುವ ಕಾರು ಗುದ್ದಿ ನಿಂತರೆ, ಬೆಲ್ಟಿಲ್ಲದೆ ಒಳಗೆ ಕೂತವರ ಪಾಡು ಸುಮಾರು 14 ಮೀಟರ್ ಎತ್ತರದಿಂದ, ಅಂದರೆ ನಾಲ್ಕು ಅಂತಸ್ತಿನ ಮೇಲಿಂದ ಬಿದ್ದ ಹಾಗೆ. ಆ ಭಾರ ತಡೆಯೋದು ಈ ಐದು ಭಾಗಗಳು. ಒಂದು ಹಾಳಾಗಿದ್ದರೂ ಉಳಿದ ನಾಲ್ಕು ಚೆನ್ನಾಗಿದ್ದು ಪ್ರಯೋಜನ ಇಲ್ಲ.

ಹಾಳಾಗೋದು ಹೇಗೆ?

ಬಿಸಿಲು ಮೊದಲ ಶತ್ರು. ಅರಸೀಕೆರೆ ಕಡೆ ದಿನವಿಡೀ ಬಯಲಲ್ಲಿ ನಿಲ್ಲುವ ಗಾಡಿಗಳಲ್ಲಿ ಪಟ್ಟಿ ಬಣ್ಣ ಕಳೆದುಕೊಂಡು ಗಡುಸಾಗುತ್ತದೆ, ಬಕಲ್‌ನ ಪ್ಲಾಸ್ಟಿಕ್ ಸೀಳುತ್ತದೆ. ಎರಡನೆಯದು ತೇವ. ಸಕಲೇಶಪುರ, ಆಲೂರು ಕಡೆಯ ಮಳೆಗಾಲದಲ್ಲಿ ಒದ್ದೆ ಬೆಲ್ಟ್ ಹಾಗೇ ಒಳಗೆ ಸುತ್ತಿಕೊಂಡು ಬೂಷ್ಟು ಹಿಡಿಯುತ್ತದೆ, ಕೆಳಗಿನ ಬೋಲ್ಟ್ ಸುತ್ತ ತುಕ್ಕು ಏರುತ್ತದೆ. ಮೂರನೆಯದು ದೂಳು. ಸಿಮೆಂಟ್, ಹಿಟ್ಟು, ಗೊಬ್ಬರ ಸಾಗಿಸುವ ಗಾಡಿಗಳಲ್ಲಿ ದೂಳು ಬಕಲ್ ಒಳಗೂ ಸುರುಳಿ ಡಬ್ಬಿಯೊಳಗೂ ಸೇರಿ ಬೆಲ್ಟ್ ವಾಪಸ್ ಹೋಗೋದೇ ನಿಧಾನವಾಗುತ್ತದೆ. ಇವುಗಳ ಜೊತೆಗೆ ಬಾಗಿಲಿಗೆ ಸಿಕ್ಕಿ ಅಂಚು ಹರಿಯೋದು, ಬೀಡಿ ಕಿಡಿ ಬಿದ್ದು ತೂತಾಗೋದು, ಇಲಿ ಕಡಿಯೋದು ಇದ್ದದ್ದೇ.

ಹತ್ತು ನಿಮಿಷದ ಪರೀಕ್ಷೆ, ಖರ್ಚಿಲ್ಲ

1. ಬೆಲ್ಟನ್ನು ಕೊನೆಯವರೆಗೂ ಹೊರಗೆಳೆಯಿರಿ. ಎರಡೂ ಬದಿ ಬೆಳಕಿಗೆ ಹಿಡಿದು ನೋಡಿ. ಕತ್ತರಿಸಿದ ಗುರುತು, ಎದ್ದ ನೂಲು, ತೂತು, ಸುಟ್ಟ ಕಲೆ ಇದ್ದರೆ ಬದಲಿಸಬೇಕು.
2. ಅಂಚು ಸೊಟ್ಟಸೊಟ್ಟಾಗಿ ಅಲೆಯ ಹಾಗಿದೆಯಾ? ಭುಜದ ಮೇಲಿನ ಬಳೆ ಉಜ್ಜುವ ಜಾಗದಲ್ಲಿ ಪಟ್ಟಿ ಕರಗಿದಂತೆ ನುಣ್ಣಗೆ ಹೊಳೆಯುತ್ತಿದೆಯಾ? ಇದು ಹಿಂದೊಮ್ಮೆ ಅಪಘಾತದಲ್ಲಿ ಬೆಲ್ಟ್ ಜಗ್ಗಿರುವ ಲಕ್ಷಣ.
3. ಕೈ ಬಿಟ್ಟರೆ ಬೆಲ್ಟ್ ತಾನಾಗೇ ಒಳಗೆ ಹೋಗಬೇಕು. ಅರ್ಧಕ್ಕೇ ನಿಂತು ಜೋತಾಡಿದರೆ ಮೊದಲು ತೊಳೆದು ನೋಡಿ, ಆಮೇಲೂ ಹಾಗೇ ಇದ್ದರೆ ರಿಟ್ರಾಕ್ಟರ್ ಹೋಗಿದೆ ಅಂತ ತಿಳಿಯಿರಿ.
4. ರಪ್ಪನೆ ಜಗ್ಗಿ. ಬಹುತೇಕ ಕಾರುಗಳಲ್ಲಿ ತಕ್ಷಣ ಲಾಕ್ ಆಗಬೇಕು. ಕೆಲವು ಹಳೇ ಮಾದರಿಗಳು ಕಾರಿನ ಬ್ರೇಕಿಗೆ ಮಾತ್ರ ಲಾಕ್ ಆಗುತ್ತವೆ. ಅನುಮಾನ ಇದ್ದರೆ ಖಾಲಿ ಮೈದಾನದಲ್ಲಿ ಹತ್ತು ಕಿ.ಮೀ. ವೇಗದಲ್ಲಿ ಹೋಗಿ ಬ್ರೇಕ್ ಒತ್ತಿ ನೋಡಿ.
5. ಬಕಲ್ ಅನ್ನು ಹತ್ತು ಸಲ ಹಾಕಿ ತೆಗೆಯಿರಿ. ಪ್ರತಿ ಸಲವೂ ಕ್ಲಿಕ್ ಅನ್ನಬೇಕು. ಹಾಕಿದ ಮೇಲೆ ಜೋರಾಗಿ ಎಳೆದರೂ ಬಿಚ್ಚಬಾರದು, ಗುಂಡಿ ಒತ್ತಿದರೆ ತಕ್ಷಣ ಬಿಚ್ಚಬೇಕು.
6. ಬೋಲ್ಟ್ ಮೇಲಿನ ಪ್ಲಾಸ್ಟಿಕ್ ಮುಚ್ಚಳ ತೆಗೆದು, ಮ್ಯಾಟ್ ಎತ್ತಿ ನೋಡಿ. ಬೋಲ್ಟ್ ಸಡಿಲ ಇದ್ದರೆ ಅಥವಾ ಸುತ್ತಲ ತಗಡು ತುಕ್ಕು ಹಿಡಿದು ಪುಡಿಯಾಗುತ್ತಿದ್ದರೆ, ಹೊಸ ಬೆಲ್ಟ್ ಹಾಕಿಯೂ ಉಪಯೋಗ ಇಲ್ಲ. ಮೊದಲು ಬಾಡಿ ಕೆಲಸ ಆಗಬೇಕು.
7. ಇಗ್ನಿಷನ್ ಆನ್ ಮಾಡಿದಾಗ ಏರ್‌ಬ್ಯಾಗ್ ದೀಪ ಹತ್ತಿ ಕೆಲ ಸೆಕೆಂಡಿನಲ್ಲಿ ಆರಬೇಕು. ಆರದೇ ಉರಿಯುತ್ತಿದ್ದರೆ ಪ್ರಿಟೆನ್ಷನರ್ ಕೂಡ ಕೆಲಸ ಮಾಡದೇ ಇರಬಹುದು.

ಹಿಂದಿನ ಸೀಟಿನ ಬೆಲ್ಟ್‌ಗಳನ್ನೂ ಇದೇ ರೀತಿ ನೋಡಿ. ನಮ್ಮೂರ ಕಾರುಗಳಲ್ಲಿ ಸಾಮಾನ್ಯವಾಗಿ ಸೀಟ್ ಕವರ್ ಹಾಕಿಸುವಾಗ ಹಿಂದಿನ ಬಕಲ್‌ಗಳು ಕವರ್ ಅಡಿಗೆ ಹೋಗಿಬಿಟ್ಟಿರುತ್ತವೆ. ಬೆಲ್ಟ್ ಚೆನ್ನಾಗೇ ಇರುತ್ತದೆ, ಹಾಕಿಕೊಳ್ಳೋಕೆ ಮಾತ್ರ ಆಗಲ್ಲ. ಕವರ್ ಅಂಗಡಿಯವರ ಹತ್ತಿರ ಹೋಗಿ ತೂತು ಮಾಡಿಸಿ ಬಕಲ್ ಮೇಲೆ ತೆಗೆಸಿ.

ತೊಳೆಯೋದು ಹೇಗೆ?

ನಿಧಾನವಾಗಿ ವಾಪಸ್ ಹೋಗುವ ಬೆಲ್ಟ್ ಬಹಳ ಸಲ ಬರೀ ಕೊಳೆಯಿಂದ ಹಾಗಾಗಿರುತ್ತದೆ. ಪೂರ್ತಿ ಎಳೆದು, ಡಬ್ಬಿಯ ಬಾಯಲ್ಲಿ ಬಟ್ಟೆ ಕ್ಲಿಪ್ ಹಾಕಿ. ಉಗುರುಬೆಚ್ಚಗಿನ ನೀರಿಗೆ ಸ್ವಲ್ಪ ಸೌಮ್ಯ ಸೋಪು ಬೆರೆಸಿ ಬಟ್ಟೆಯಿಂದ ಒರೆಸಿ. ಭುಜದ ಬಳೆಯ ಒಳಗಿನ ಜಿಡ್ಡನ್ನೂ ತೆಗೆಯಿರಿ. ನೆರಳಲ್ಲಿ ಪೂರ್ತಿ ಒಣಗಿದ ಮೇಲೆಯೇ ಕ್ಲಿಪ್ ಬಿಡಿ. ಬ್ಲೀಚ್, ಪೆಟ್ರೋಲ್, ಥಿನ್ನರ್, ಬಣ್ಣ ಯಾವುದೂ ಬೇಡ, ನೂಲಿನ ಶಕ್ತಿ ಹೋಗುತ್ತದೆ. ಬಕಲ್‌ಗೆ ಎಣ್ಣೆ ಅಥವಾ ಗ್ರೀಸ್ ಬಿಡಬೇಡಿ, ದೂಳು ಅಂಟಿ ಇನ್ನಷ್ಟು ಕೆಡುತ್ತದೆ.

ವಾರಂಟಿ: ಸಿಗೋದೆಷ್ಟು, ಸಿಗದಿರೋದೆಷ್ಟು?

"ಸೀಟ್ ಬೆಲ್ಟ್‌ಗೆ ಲೈಫ್‌ಟೈಮ್ ವಾರಂಟಿ ಇದೆಯಂತೆ" ಅಂತ ಮೊಬೈಲಿನಲ್ಲಿ ಓದಿ ಶೋರೂಮಿಗೆ ಹೋಗುವವರಿದ್ದಾರೆ. ಅದು ಅಮೆರಿಕದ ಮಾತು. ಅಲ್ಲಿ ಹೋಂಡಾ ಕಂಪನಿ ಸಾಮಾನ್ಯ ಬಳಕೆಯಲ್ಲಿ ಕೆಟ್ಟ ಸೀಟ್ ಬೆಲ್ಟ್‌ಗೆ ಗಾಡಿ ಬಾಳುವವರೆಗೂ ವಾರಂಟಿ ಕೊಡುತ್ತದೆ. ಅಮೆರಿಕದಲ್ಲಿ ಬೆಲ್ಟ್ ವಿಷಯ ಹಿಂದೆ ದೊಡ್ಡ ಸುದ್ದಿಯೇ ಆಗಿತ್ತು. 1995ರಲ್ಲಿ ಟಕಾಟಾ ಕಂಪನಿ ಮಾಡಿದ ಬೆಲ್ಟ್‌ಗಳಿದ್ದ 80 ಲಕ್ಷಕ್ಕೂ ಹೆಚ್ಚು ಕಾರುಗಳನ್ನು ವಾಪಸ್ ಕರೆಸಬೇಕಾಯಿತು. ಬಕಲ್‌ನ ಕೆಂಪು ಗುಂಡಿಯ ಪ್ಲಾಸ್ಟಿಕ್ ಒಡೆದು, ಚೂರು ಒಳಗೆ ಬಿದ್ದು, ಬೆಲ್ಟ್ ಸರಿಯಾಗಿ ಲಾಕ್ ಆಗುತ್ತಿರಲಿಲ್ಲ. ಕಾರು ಎಷ್ಟೇ ಒಳ್ಳೇ ಕಂಪನಿಯದಾದರೂ ಬಕಲ್ ಹಳತಾಗುತ್ತೆ ಅನ್ನೋದಕ್ಕೆ ಇದೇ ಸಾಕ್ಷಿ.

ಅಲ್ಲಿನ ವಾರಂಟಿ ಪುಸ್ತಕ ಇಲ್ಲಿ ಮಾರಿದ ಕಾರಿಗೆ ನಡೆಯಲ್ಲ. ಇಲ್ಲಿ ನಿಮ್ಮ ಕಾರಿನ ಜೊತೆ ಕೊಟ್ಟ ಪುಸ್ತಕದಲ್ಲಿ ಬರೆದಿರೋದೇ ಲೆಕ್ಕ. ಉದಾಹರಣೆಗೆ ಮಾರುತಿ ಕಾರುಗಳಿಗೆ ಬಹಳ ವರ್ಷ 2 ವರ್ಷ ಅಥವಾ 40,000 ಕಿ.ಮೀ. ವಾರಂಟಿ ಇತ್ತು, 2024ರ ಜುಲೈನಿಂದ ಅದು 3 ವರ್ಷ ಅಥವಾ 1 ಲಕ್ಷ ಕಿ.ಮೀ. ಆಯಿತು. ವರ್ಷ, ಕಿಲೋಮೀಟರ್ ಎರಡರಲ್ಲಿ ಯಾವುದು ಮೊದಲು ಮುಗಿಯುತ್ತೋ ಅಲ್ಲಿಗೆ ವಾರಂಟಿ ಮುಗಿಯಿತು. ವಾರಂಟಿ ಅನ್ನೋದು ತಯಾರಿಕೆಯ ದೋಷಕ್ಕೆ. ಹರಿದದ್ದು, ಸುಟ್ಟದ್ದು, ಅಪಘಾತದಲ್ಲಿ ಹಾಳಾದದ್ದು ಅದರಲ್ಲಿ ಬರಲ್ಲ. ಹತ್ತು ವರ್ಷ ದಾಟಿದ ಗಾಡಿಗೆ ಈ ದಾರಿ ಮುಚ್ಚಿದಂತೆಯೇ. ಆದರೂ ಜೇಬಿಗೆ ಕೈ ಹಾಕುವ ಮುನ್ನ ಇನ್ನು ಮೂರು ದಾರಿ ನೋಡಬೇಕು.

ಒಂದು, ರೀಕಾಲ್. ಕಂಪನಿಯೇ ದೋಷ ಒಪ್ಪಿ ವಾಪಸ್ ಕರೆದ ಗಾಡಿಯಾಗಿದ್ದರೆ ರಿಪೇರಿ ಉಚಿತ. 2022ರ ಡಿಸೆಂಬರ್‌ನಲ್ಲಿ ಮುಂದಿನ ಬೆಲ್ಟ್‌ನ ಭುಜದ ಎತ್ತರ ಹೊಂದಿಸುವ ಭಾಗದಲ್ಲಿ ದೋಷ ಇರಬಹುದೆಂದು ಮಾರುತಿ 9,125 ಕಾರುಗಳನ್ನು ಕರೆಸಿತ್ತು. ಸಿಯಾಜ್, ಬ್ರೆಝಾ, ಎರ್ಟಿಗಾ, ಎಕ್ಸ್‌ಎಲ್6, ಗ್ರ್ಯಾಂಡ್ ವಿಟಾರ ಅದರಲ್ಲಿದ್ದವು. 2023ರ ಜನವರಿಯಲ್ಲಿ ಹಿಂದಿನ ಬೆಲ್ಟ್‌ನ ಬ್ರಾಕೆಟ್‌ಗಾಗಿ 11,177 ಗ್ರ್ಯಾಂಡ್ ವಿಟಾರಗಳನ್ನು ಕರೆಸಿತು. ಕಂಪನಿಯ ವೆಬ್‌ಸೈಟ್‌ನಲ್ಲಿ ಚಾಸಿ ನಂಬರ್ ಹಾಕಿದರೆ ನಿಮ್ಮ ಗಾಡಿ ಪಟ್ಟಿಯಲ್ಲಿದೆಯಾ ಅಂತ ಗೊತ್ತಾಗುತ್ತದೆ. ಸೆಕೆಂಡ್ ಹ್ಯಾಂಡ್ ಕೊಂಡವರು ಇದನ್ನು ಮರೆಯಬಾರದು, ಏಕೆಂದರೆ ಕಂಪನಿಯ ಫೋನ್ ಹಳೇ ಮಾಲೀಕರಿಗೇ ಹೋಗಿರುತ್ತದೆ. 2021ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮದಂತೆ, 7 ವರ್ಷದೊಳಗಿನ ವಾಹನಗಳ ಸುರಕ್ಷತಾ ದೋಷಕ್ಕೆ ಸರ್ಕಾರವೇ ರೀಕಾಲ್‌ಗೆ ಆದೇಶಿಸಬಹುದು.

ಎರಡು, ವಿಮೆ. ಅಪಘಾತದಲ್ಲಿ ಬೆಲ್ಟ್ ಹಾಳಾಗಿದ್ದು, ನಿಮ್ಮದು ಕಾಂಪ್ರಹೆನ್ಸಿವ್ ಪಾಲಿಸಿ ಆಗಿದ್ದರೆ ಕ್ಲೇಮ್‌ನಲ್ಲಿ ಸೇರಿಸಬಹುದು. ಬರೀ ಥರ್ಡ್ ಪಾರ್ಟಿ ಇದ್ದರೆ ಸಿಗಲ್ಲ. ಹೆಚ್ಚಿನವರು ತಪ್ಪೋದು ಇಲ್ಲೇ: ಬಂಪರ್, ಬಾನೆಟ್, ಲೈಟು ಎಲ್ಲ ಎಸ್ಟಿಮೇಟ್‌ನಲ್ಲಿ ಇರುತ್ತೆ, ಬೆಲ್ಟ್ ಇರಲ್ಲ. ಸರ್ವೇಯರ್ ಬಂದಾಗಲೇ ಬೆಲ್ಟ್ ಎಳೆದು ತೋರಿಸಿ, ಬರೆಸಿ. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್, ನೈಲಾನ್, ರಬ್ಬರ್ ಭಾಗಗಳಿಗೂ ಏರ್‌ಬ್ಯಾಗಿಗೂ ಶೇ 50 ಸವಕಳಿ ಕಳೆಯುತ್ತಾರೆ. ಕಬ್ಬಿಣದ ಭಾಗಕ್ಕೆ ಗಾಡಿ 5ರಿಂದ 10 ವರ್ಷದ್ದಾದರೆ ಶೇ 40, ಹತ್ತು ದಾಟಿದರೆ ಶೇ 50. ಉಳಿದದ್ದು ನಿಮ್ಮ ಜೇಬಿನಿಂದ.

ಮೂರು, ಬಿಡಿಭಾಗದ ವಾರಂಟಿ. ಗಾಡಿಯ ವಾರಂಟಿ ಮುಗಿದಿದ್ದರೂ, ಹೊಸದಾಗಿ ಹಾಕಿಸಿದ ಬೆಲ್ಟ್‌ಗೆ ಪ್ರತ್ಯೇಕ ವಾರಂಟಿ ಇದೆಯಾ ಕೇಳಿ. ಇದ್ದರೆ ಬಾಯಿ ಮಾತಿಗೆ ಬಿಡದೆ ಬಿಲ್ ಮೇಲೇ ಬರೆಸಿಕೊಳ್ಳಿ. ಪಾರ್ಟ್ ನಂಬರ್, ಗಾಡಿ ನಂಬರ್, ದಿನಾಂಕ ಮೂರೂ ಇರುವ ಜಿಎಸ್‌ಟಿ ಬಿಲ್ ಬೇಕು.

ದೋಷ ಇರುವ ಸಾಮಾನು ಕೊಟ್ಟು ಬದಲಿಸಲ್ಲ ಅಂದರೆ ಮೊದಲು 1915ಕ್ಕೆ ಕರೆ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಬಗೆಹರಿಯದಿದ್ದರೆ ಹಾಸನದ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು. ನೀವು ಕೊಟ್ಟ ಬೆಲೆ 5 ಲಕ್ಷ ರೂ. ಒಳಗಿದ್ದರೆ ಶುಲ್ಕ ಇಲ್ಲ. ಸಮಸ್ಯೆ ಉಂಟಾದ 2 ವರ್ಷದೊಳಗೆ ದೂರು ಸಲ್ಲಿಸಬೇಕು.

ಬದಲಿಸುವಾಗ ಗಮನಿಸಿ

ಶೋರೂಮಿನಲ್ಲೋ ಬಿಡಿಭಾಗದ ಅಂಗಡಿಯಲ್ಲೋ "ಆಲ್ಟೊ ಬೆಲ್ಟ್ ಕೊಡಿ" ಅಂದರೆ ಸಾಲದು. ಚಾಸಿ ನಂಬರ್, ತಯಾರಾದ ವರ್ಷ, ಎಡವೋ ಬಲವೋ, ಮುಂದೋ ಹಿಂದೋ ಎಲ್ಲ ಹೇಳಬೇಕು. ಒಂದೇ ಹೆಸರಿನ ಕಾರಿನಲ್ಲಿ ಪ್ರಿಟೆನ್ಷನರ್ ಇರುವುದೂ ಇರುತ್ತದೆ, ಇಲ್ಲದ್ದೂ ಇರುತ್ತದೆ. ಬೆಲೆಯಲ್ಲಿ ಭಾರಿ ವ್ಯತ್ಯಾಸ ಬರೋದು ಇದರಿಂದಲೇ. ಬಕಲ್ ಮಾತ್ರ ಹಾಳಾಗಿದ್ದರೆ ಬಕಲ್ ಒಂದನ್ನೇ ಕೇಳಿ, ಬಹಳ ಮಾದರಿಗಳಲ್ಲಿ ಅದು ಬೇರೆ ಪಾರ್ಟ್ ನಂಬರಿನಲ್ಲಿ ಸಿಗುತ್ತದೆ.

ಬೆಂಗಳೂರಿನ ಶಿವಾಜಿನಗರದ ಗುಜರಿಯಿಂದ ಹಳೇ ಬೆಲ್ಟ್ ತಂದು ಹಾಕುವ ಆಸೆ ಬೇಡ. ಗುಜರಿಗೆ ಬಂದ ಕಾರುಗಳಲ್ಲಿ ಅಪಘಾತವಾದವೂ ಇರುತ್ತವೆ. ಆ ಬೆಲ್ಟ್ ಆಗಲೇ ಒಬ್ಬರ ಭಾರ ಹೊತ್ತು ಹಿಗ್ಗಿದೆಯೋ ಇಲ್ಲವೋ ನೋಡಿ ಹೇಳೋಕಾಗಲ್ಲ. ಬಾಗಿಲು, ಕನ್ನಡಿ ಗುಜರಿಯಿಂದ ತನ್ನಿ, ಬೆಲ್ಟ್ ಬೇಡ.

ಬೋಲ್ಟ್ ವಿಷಯ ಮೆಕ್ಯಾನಿಕ್‌ಗಳಿಗೂ ಹೇಳಬೇಕಾದ್ದು. ಬಹಳಷ್ಟು ಕಾರುಗಳಲ್ಲಿ ಬೆಲ್ಟ್ ಬೋಲ್ಟ್ 7/16 ಇಂಚಿನದು, ಸಣ್ಣ ಹಲ್ಲಿನದು. ಗಾಡಿಯ ಉಳಿದ ಬೋಲ್ಟ್‌ಗಳ ಹಾಗೆ ಮಿಲಿಮೀಟರ್ ಅಳತೆಯದಲ್ಲ. ಕೈಗೆ ಸಿಕ್ಕ ಬೋಲ್ಟ್ ತುರುಕಿ ಬಿಗಿ ಮಾಡಿದರೆ ಬಾಡಿಯೊಳಗಿನ ನಟ್ಟಿನ ಹಲ್ಲೇ ಹೋಗುತ್ತದೆ. ಹಳೇ ಬೋಲ್ಟ್ ಚೆನ್ನಾಗಿದ್ದರೆ ಅದನ್ನೇ, ಇಲ್ಲವಾದರೆ ಕಂಪನಿ ಬೋಲ್ಟ್ ಹಾಕಿಸಿ.

ರಿಟ್ರಾಕ್ಟರ್ ಬಿಚ್ಚಿ ಕೈಯಲ್ಲಿ ಹಿಡಿದಾಗ ಬೆಲ್ಟ್ ಹೊರಗೆ ಬರದಿದ್ದರೆ "ಜಾಮ್ ಆಗಿದೆ" ಅಂತ ಹೇಳಿ ಹೊಸದು ಮಾರುವವರಿದ್ದಾರೆ. ಡಬ್ಬಿಯನ್ನು ಓರೆಯಾಗಿ ಹಿಡಿದರೆ ಅದು ಲಾಕ್ ಆಗಲೇಬೇಕು, ಅದೇ ಅದರ ಕೆಲಸ. ಗಾಡಿಯಲ್ಲಿ ಕೂರುವ ಹಾಗೆ ನೇರ ಹಿಡಿದು ಎಳೆದು ನೋಡಿ ಆಮೇಲೆ ತೀರ್ಮಾನಿಸಿ.

ಪ್ರಿಟೆನ್ಷನರ್ ಇರುವ ಬೆಲ್ಟಿಗೆ ರಸ್ತೆ ಬದಿ ಗ್ಯಾರೇಜ್ ಬೇಡ. ಹಳದಿ ಬಣ್ಣದ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗ್ ಲೈನಿಗೆ ಸೇರಿದ್ದು. ಬ್ಯಾಟರಿ ಬಿಚ್ಚದೆ, ಕಂಪನಿ ಹೇಳಿದಷ್ಟು ಹೊತ್ತು ಕಾಯದೆ ಮುಟ್ಟಿದರೆ ಮದ್ದು ಸಿಡಿದು ಕೈಗೇ ಪೆಟ್ಟಾಗಬಹುದು. ಅಧಿಕೃತ ಸರ್ವಿಸ್ ಸೆಂಟರಿನಲ್ಲೇ ಮಾಡಿಸಿ.

ಇವನ್ನು ಮಾತ್ರ ಮಾಡಬೇಡಿ

- ಹರಿದ ಪಟ್ಟಿಯನ್ನು ಟೈಲರ್ ಹತ್ತಿರವೋ ಚಪ್ಪಲಿ ಹೊಲಿಯುವವರ ಹತ್ತಿರವೋ ಹೊಲಿಸೋದು. ನೋಡೋಕೆ ಗಟ್ಟಿ, ಭಾರ ಬಿದ್ದಾಗ ಸೂಜಿ ತೂತಿನಿಂದಲೇ ಹರಿಯುತ್ತದೆ.
- ಬೆಲ್ಟ್ ಬಿಗಿಯಾಗುತ್ತೆ ಅಂತ ಕ್ಲಿಪ್ ಹಾಕಿ ಸಡಿಲ ಇಡೋದು, ಕಂಕುಳ ಕೆಳಗಿಂದ ಹಾಕೋದು.
- ಅಲಾರಂ ಬಾಯಿ ಮುಚ್ಚಿಸೋಕೆ ಬಕಲ್‌ಗೆ ಖಾಲಿ ನಾಲಿಗೆ ಸಿಕ್ಕಿಸೋದು. 2023ರ ಮೇನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಐದು ಆನ್‌ಲೈನ್ ಮಾರಾಟ ತಾಣಗಳಿಗೆ ಇವನ್ನು ತೆಗೆದುಹಾಕಲು ಆದೇಶಿಸಿತು. ಬಿಡಿಭಾಗದ ಅಂಗಡಿಯವರೂ ಇದನ್ನು ಇಡದಿರೋದು ಒಳ್ಳೇದು.
- ಮಗುವನ್ನು ತೊಡೆ ಮೇಲೆ ಕೂರಿಸಿ ಇಬ್ಬರಿಗೂ ಒಂದೇ ಬೆಲ್ಟ್ ಹಾಕೋದು. ದೊಡ್ಡವರ ಭಾರವೆಲ್ಲ ಮಗುವಿನ ಮೇಲೆ ಬೀಳುತ್ತದೆ.

ಕಾನೂನು ಏನನ್ನುತ್ತೆ?

ಕಾರಿನ ಮುಂದಿನ ಸೀಟಿಗೆ ಬೆಲ್ಟ್ ಕೊಡೋದು ಕಂಪನಿಗಳಿಗೆ ಕಡ್ಡಾಯವಾಗಿದ್ದು 1994ರಲ್ಲಿ, ಹಿಂದಿನ ಸೀಟಿಗೆ 2002ರಲ್ಲಿ. ಬೆಲ್ಟ್ ಅಳವಡಿಸಿರುವ ಗಾಡಿಯಲ್ಲಿ ಚಾಲಕ, ಮುಂದೆ ಕೂತವರು, ಹಿಂದೆ ಮುಂದಕ್ಕೆ ಮುಖ ಮಾಡಿ ಕೂತವರು ಎಲ್ಲರೂ ಹಾಕಬೇಕು. ಟಾಟಾ ಏಸ್, ಪಿಕಪ್ ಓಡಿಸುವವರಿಗೂ ವಿನಾಯಿತಿ ಇಲ್ಲ. ಮೋಟಾರು ವಾಹನ ಕಾಯ್ದೆಯ ಕಲಂ 194ಬಿ ಪ್ರಕಾರ ಬೆಲ್ಟ್ ಹಾಕದೆ ಓಡಿಸಿದರೆ ಅಥವಾ ಹಾಕದವರನ್ನು ಕೂರಿಸಿಕೊಂಡು ಹೋದರೆ 1,000 ರೂ. ದಂಡ. 14 ವರ್ಷದೊಳಗಿನ ಮಕ್ಕಳಿಗೆ ಬೆಲ್ಟಾಗಲಿ ಮಕ್ಕಳ ಸೀಟಾಗಲಿ ಇಲ್ಲದಿದ್ದರೂ ಅಷ್ಟೇ ದಂಡ. ಹಿಂದಿನ ಸೀಟಿನವರಿಗೇಕೆ ಅನ್ನುವವರು 2022ರ ಸೆಪ್ಟೆಂಬರ್ 4ರಂದು ಪಾಲ್ಘರ್ ಬಳಿ ಅಪಘಾತದಲ್ಲಿ ತೀರಿಕೊಂಡ ಉದ್ಯಮಿ ಸೈರಸ್ ಮಿಸ್ತ್ರಿಯವರನ್ನು ನೆನೆಯಬೇಕು. ದುಬಾರಿ ಕಾರಿನ ಹಿಂದಿನ ಸೀಟಿನಲ್ಲಿದ್ದ ಅವರು ಬೆಲ್ಟ್ ಹಾಕಿರಲಿಲ್ಲ ಎಂದು ಪೊಲೀಸರು ಹೇಳಿದ್ದರು.

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ, ನವೀಕರಣಕ್ಕೆ ಹಾಸನದ ಆರ್‌ಟಿಒಗೋ ಸಕಲೇಶಪುರದ ಎಆರ್‌ಟಿಒಗೋ ಗಾಡಿ ತೋರಿಸಬೇಕು. ಸರಕು ಮತ್ತು ಬಾಡಿಗೆ ವಾಹನಗಳಿಗೆ ಮೊದಲ 8 ವರ್ಷ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ. ಹೇಗೂ ಎಫ್‌ಸಿಗೆ ಅಂತ ಬ್ರೇಕು, ಲೈಟು ನೋಡಿಸ್ತೀರಿ, ಬೆಲ್ಟನ್ನೂ ಅದೇ ದಿನ ನೋಡಿಸಿಬಿಡಿ.

ಓದುಗರ ಮನಸ್ಸಲ್ಲಿ ಬರುವ ಪ್ರಶ್ನೆಗಳು

*ಬೆಲ್ಟೇ ಇಲ್ಲದ ತೀರಾ ಹಳೇ ಗಾಡಿ. ಹಾಕಿಸಬಹುದಾ?*
ಬಾಡಿಯಲ್ಲಿ ಕಂಪನಿಯೇ ಕೊಟ್ಟ ಬೋಲ್ಟ್ ಜಾಗ ಇದ್ದರೆ ಹಾಕಿಸಬಹುದು. ಇಲ್ಲದಿದ್ದರೆ ನೆಲದ ತಗಡಿಗೆ ತೂತು ಕೊರೆದು ಸಿಕ್ಕಿಸುವ ಬೆಲ್ಟ್ ಬರೀ ತೋರಿಕೆ, ಭಾರ ಬಿದ್ದರೆ ತಗಡಿನ ಸಮೇತ ಕಿತ್ತು ಬರುತ್ತದೆ.

*ಸಣ್ಣ ಗುದ್ದು ಅಷ್ಟೇ ಆಗಿದ್ದು. ಆದರೂ ಬದಲಿಸಬೇಕಾ?*
ಪಾರ್ಕಿಂಗ್‌ನಲ್ಲಿ ಬಂಪರ್ ತಾಗಿದ್ದಕ್ಕೆ ಬೇಡ. ಬೆಲ್ಟ್ ಹಾಕಿದವರನ್ನು ಜೋರಾಗಿ ಹಿಡಿದು ನಿಲ್ಲಿಸಿದ್ದರೆ, ಎದೆ ಮೇಲೆ ಪಟ್ಟಿಯ ಗುರುತು ಬಿದ್ದಿದ್ದರೆ, ಏರ್‌ಬ್ಯಾಗ್ ಬಿಚ್ಚಿದ್ದರೆ ಬದಲಿಸಲೇಬೇಕು, ನೋಡೋಕೆ ಹೊಸದರಂತಿದ್ದರೂ ಸರಿ.

*ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವಾಗ ಬೆಲ್ಟ್ ನೋಡಿ ಏನು ತಿಳಿಯಬಹುದು?*
ಬಹಳ ತಿಳಿಯಬಹುದು. ಪಟ್ಟಿಗೆ ಹೊಲಿದ ಚೀಟಿಯಲ್ಲಿ ತಯಾರಿಕೆಯ ದಿನಾಂಕ ಇದ್ದರೆ ಕಾರಿನ ವರ್ಷದ ಜೊತೆ ಹೋಲಿಸಿ. ಕಾರು 2014ರದ್ದು, ಒಂದು ಬೆಲ್ಟ್ ಮಾತ್ರ 2019ರದ್ದು ಅಂದರೆ ಅದನ್ನು ಯಾಕೆ ಬದಲಿಸಿದರು ಅಂತ ಕೇಳಿ. ಪೂರ್ತಿ ಎಳೆದಾಗ ಒಳಗಿನ ಭಾಗದಲ್ಲಿ ಕೆಸರಿನ ಗೆರೆ, ಮುಗ್ಗಲು ವಾಸನೆ ಇದ್ದರೆ ಗಾಡಿ ನೀರಲ್ಲಿ ಮುಳುಗಿದ್ದಿರಬಹುದು.

*ಎಷ್ಟು ವರ್ಷಕ್ಕೊಮ್ಮೆ ಬದಲಿಸಬೇಕು?*
ಎಲ್ಲ ಕಾರಿಗೂ ಒಂದೇ ವರ್ಷದ ಲೆಕ್ಕ ಇಲ್ಲ. ಕಂಪನಿಯ ಪುಸ್ತಕದಲ್ಲಿ ಹೇಳಿದ್ದರೆ ಅದರಂತೆ. ಇಲ್ಲವಾದರೆ ಮೇಲಿನ ಏಳು ಪರೀಕ್ಷೆಯನ್ನು ವರ್ಷಕ್ಕೆರಡು ಸಲ ಮಾಡಿ, ಒಂದರಲ್ಲಿ ಫೇಲಾದರೂ ಬದಲಿಸಿ. ಮಳೆಗಾಲ ಮುಗಿದ ಮೇಲೊಮ್ಮೆ, ಬೇಸಿಗೆ ಮುಗಿದ ಮೇಲೊಮ್ಮೆ ಅಂತ ಇಟ್ಟುಕೊಂಡರೆ ನೆನಪಿರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಬೆಲ್ಟ್ ಹಾಕಿದರೆ ಮುಂದಿನ ಸೀಟಿನವರು ಸಾಯುವ ಸಾಧ್ಯತೆ ಶೇ 45ರಿಂದ 50ರಷ್ಟು, ಹಿಂದಿನವರದು ಶೇ 25ರಷ್ಟು ಕಡಿಮೆಯಾಗುತ್ತದೆ. ಈ ಲೆಕ್ಕ ಕೆಲಸ ಮಾಡುವ ಬೆಲ್ಟಿಗೆ ಮಾತ್ರ. ಈ ಭಾನುವಾರ ಗಾಡಿ ತೊಳೆಯುವಾಗ ನಾಲ್ಕೂ ಬೆಲ್ಟ್ ಒಮ್ಮೆ ಪೂರ್ತಿ ಎಳೆದು ನೋಡಿ.